ಕೊನೆಯ ಏಳು ನಿಮಿಷ

ಹಲ್ಲಿನ ಸೆಟ್ಟು ತಯಾರಿಸುವ ಆ ಲ್ಯಾಬಿನಲ್ಲಿ ಅವಳನ್ನು ಎಲ್ಲರೂ ಮಿಲಿಮೀಟರ್ ಎಂದೇ ಕರೆಯುತ್ತಿದ್ದರು. ಬೇರೆಯವರು ಕಣ್ಣಳತೆಯಲ್ಲಿ ಮುಗಿಸುವುದನ್ನು ಅವಳು ಸ್ಕೇಲು ಹಿಡಿದು ಮೂರು ಸಲ ಅಳೆಯುತ್ತಿದ್ದಳು. ಅಳೆದಾದ ಮೇಲೆ ಸ್ಕೇಲೇ ಸರಿಯಿಲ್ಲದಿದ್ದರೆ ಏನು ಗತಿ ಎಂದು ಇನ್ನೊಂದು ಸ್ಕೇಲು ತರುತ್ತಿದ್ದಳು. ಮನೆಗೆ ಬೀಗ ಹಾಕಿ ಅರ್ಧ ಬೀದಿ ನಡೆದು, ವಾಪಸು ಬಂದು ಬೀಗ ಜಗ್ಗಿ ನೋಡುವ ಪೈಕಿ. ಇಂಥವಳು ಜೀವಮಾನದಲ್ಲಿ ಒಂದೇ ಒಂದು ವಿಷಯವನ್ನು ಎರಡನೇ ಸಲ ಪರೀಕ್ಷಿಸದೆ ನಂಬಿದ್ದಳು. ಅದು ಒಂದು ಟಿವಿ ಸೀರಿಯಲ್ಲು.

ಸೀರಿಯಲ್ಲಿನ ಹೆಸರು "ಇಲ್ಲದ ಮಹಡಿ". ಆರು ಮಹಡಿಯ ಹಳೆಯ ಕಟ್ಟಡ, ಅದರಲ್ಲೊಂದು ಲಿಫ್ಟು, ಅದನ್ನು ನಡೆಸುವ ಒಬ್ಬ ಹೆಂಗಸು. ತಾವು ಸತ್ತಿದ್ದೇವೆಂದು ಗೊತ್ತಾಗದೆ ಓಡಾಡಿಕೊಂಡಿರುವವರು ಆ ಲಿಫ್ಟು ಹತ್ತಿದರೆ ಅದು ಏಳನೆಯ ಮಹಡಿಯಲ್ಲಿ ಹೋಗಿ ನಿಲ್ಲುತ್ತದೆ. ಆ ಕಟ್ಟಡಕ್ಕೆ ಏಳನೆಯ ಮಹಡಿಯೇ ಇಲ್ಲ. ವಾರಕ್ಕೊಬ್ಬರಂತೆ ಬರುವ ಸತ್ತವರಿಗೆ ಮೆತ್ತಗೆ ವಿಷಯ ತಿಳಿಸಿ, ಕಣ್ಣೊರೆಸಿ, ಆಚೆಗೆ ದಾಟಿಸುವುದು ಲಿಫ್ಟಿನವಳ ಕೆಲಸ. ಅವಳು ಬಾಯಿಬಿಟ್ಟು ಹೇಳಿದರೆ ಮಾತ್ರ ಸತ್ತವರಿಗೆ ಒಂದು ದಿನದ ರಜೆ ಸಿಗುತ್ತದೆ, ತಮ್ಮವರ ಕನಸಿಗೆ ಹೋಗಿ ಮಾತಾಡಿ ಬರಲಿಕ್ಕೆ. ಬಾಗಿಲಲ್ಲಿ ಒಬ್ಬ ಕಾವಲುಗಾರ ಇದ್ದಾನೆ, ನಗೆಚಾಟಿಕೆಯವನು. ಅವನೂ ಸತ್ತವನೇ. ಎರಡನೆಯ ವರ್ಷದ ಕಂತುಗಳಲ್ಲಿ ಅದು ನೋಡುವವರಿಗೆ ತಿಳಿಯುತ್ತದೆ, ಲಿಫ್ಟಿನವಳಿಗೂ ತಿಳಿಯುತ್ತದೆ. ಊರಿಗೆಲ್ಲ ಹೇಳುವವಳು ಇವನೊಬ್ಬನಿಗೆ ಹೇಳುವುದಿಲ್ಲ. ಕೊನೆಯ ಕಂತಿನಲ್ಲಿ ಕಾವಲುಗಾರ ಮೊದಲ ಸಲ ಲಿಫ್ಟಿನೊಳಗೆ ಕಾಲಿಟ್ಟು, "ಎಷ್ಟನೇ ಮಹಡಿ?" ಎನ್ನುತ್ತಾನೆ. ಅವಳು ಸುಮ್ಮನೆ ನಗುತ್ತಾಳೆ. ಬಾಗಿಲು ಮುಚ್ಚುತ್ತದೆ. ತೆರೆ ಕಪ್ಪಾಗುತ್ತದೆ. ಅಷ್ಟೇ.

ಆ "ಅಷ್ಟೇ" ನಮ್ಮ ಮಿಲಿಮೀಟರಳ ಎದೆಯಲ್ಲಿ ಹತ್ತೊಂಬತ್ತು ವರ್ಷದಿಂದ ಕೂತಿತ್ತು. ಆಗ ಅವಳು ಹಗಲು ಲ್ಯಾಬಿನಲ್ಲಿ ಪ್ಲಾಸ್ಟರ್ ಕಲಸಿ, ಸಂಜೆ ಕಾಲೇಜಿಗೆ ಹೋಗುತ್ತಿದ್ದಳು. ಸೀರಿಯಲ್ಲು ಬರುತ್ತಿದ್ದದ್ದು ಗುರುವಾರ, ಸರಿಯಾಗಿ ಕ್ಲಾಸಿನ ಹೊತ್ತಿಗೆ. ಅಕ್ಕ ಮನೆಯಲ್ಲಿ ರಿಮೋಟು ಹಿಡಿದು ನಿಂತು ಕಂತನ್ನು ವಿಡಿಯೊ ಟೇಪಿಗೆ ಇಳಿಸಿಡುತ್ತಿದ್ದಳು. ಜಾಹೀರಾತು ಬಂದರೆ ಗುಂಡಿ ಒತ್ತಿ ನಿಲ್ಲಿಸುವುದು, ಮುಗಿದ ಕೂಡಲೇ ಮತ್ತೆ ಒತ್ತುವುದು. ಜಾಹೀರಾತಿನ ಒಂದು ಚೂರೂ ಬೀಳದಂತೆ ಹಿಡಿಯುವುದು ಅಕ್ಕನ ಜಂಭ. ಕೊನೆಯ ಕಂತು ನೋಡಿದ ವಾರವೇ ಅವಳು ಕಾಲೇಜಿನಲ್ಲಿ "ಹೇಳದೇ ಇರುವುದೂ ಪ್ರೀತಿ" ಎಂದು ಮೂರು ಪುಟ ಪ್ರಬಂಧ ಬರೆದಳು. ಸೀರಿಯಲ್ಲು ನೋಡಿಯೇ ಇರದ ಅಧ್ಯಾಪಕರು ಕೆಂಪು ಶಾಯಿಯಲ್ಲಿ "ಚೆನ್ನಾಗಿ ಯೋಚಿಸಿದ್ದೀಯ" ಎಂದು ಬರೆದರು. ಅವಳಿಗೆ ಅಂಥ ಮಾತನ್ನು ಅದಕ್ಕೆ ಮೊದಲು ಯಾರೂ ಹೇಳಿರಲಿಲ್ಲ, ಆಮೇಲೂ ಹೇಳಲಿಲ್ಲ.

ಮುಂದೆ ಟೇಪಿಗೆ ಬೂಷ್ಟು ಹಿಡಿಯಿತು, ಆ ವಾಹಿನಿಯೇ ಮುಚ್ಚಿತು. ಅವಳಿಗೇನೂ ಕೊರತೆಯಾಗಲಿಲ್ಲ, ಪೂರ್ತಿ ಬಾಯಿಪಾಠವಿತ್ತು. ಒಮ್ಮೆ ಬಸ್ ಸ್ಟಾಪಿನಲ್ಲಿ ಒಬ್ಬ ಹೆಂಗಸು, "ಕೊನೇಲಿ ಆ ಕಾವಲುಗಾರ ಬೈತಾನಲ್ಲ, ಅಬ್ಬಾ" ಎಂದಳು. ಇವಳು, "ನಿಮಗೆ ಬೇರೆ ಯಾವುದೋ ಸೀರಿಯಲ್ ಜೊತೆ ಕಲಸಿಹೋಗಿದೆ" ಎಂದು ಅವಳ ಬಾಯಿ ಮುಚ್ಚಿಸಿ ಬಸ್ಸು ಹತ್ತಿದ್ದಳು.

ಹೋದ ತಿಂಗಳು, ಹದಿನಾರು ವರ್ಷದ ಮಗಳು ಇಂಟರ್ನೆಟ್ಟಿನಲ್ಲಿ ಎಲ್ಲೋ ಹುಡುಕಿ, "ಅಮ್ಮಾ, ನಿನ್ನ ದೆವ್ವದ ಲಿಫ್ಟು ಸಿಕ್ತು" ಎಂದಳು. ಗಂಡ ಹಡಗಿನಲ್ಲಿ ಅಡುಗೆಯವನು, ವರ್ಷಕ್ಕೆರಡು ಸಲ ಬಂದುಹೋಗುವವನು. ಮನೆಯಲ್ಲಿ ಇರುವುದು ತಾಯಿ ಮಗಳು ಇಬ್ಬರೇ. ಭಾನುವಾರ ಬೆಳಗ್ಗೆ ಪರದೆ ಎಳೆದು ಕೂತುಬಿಟ್ಟರು.

ಮೊದಲ ಕಂತಿಗೇ ಅವಳ ಕಣ್ಣು ತುಂಬಿ ಬಂತು. ಮಗಳಿಗೆ ನಗು ತಡೆಯಲಾಗಲಿಲ್ಲ.

"ಸತ್ತವರಿಗೆಲ್ಲಾ ಒಬ್ಬನೇ ದರ್ಜಿನಾ ಅಮ್ಮಾ? ಎಲ್ಲರಿಗೂ ಅದೇ ಬಿಳಿ ಕೋಟು."

"ಬಾಯ್ಮುಚ್ಕೊಂಡು ನೋಡು."

"ಮಂಜು ಬರೋ ಕೊಳವೆ ಕಾಣ್ತಿದೆ ನೋಡು, ಅಲ್ಲಿ, ಮೂಲೇಲಿ."

"ನಿನಗೆ ಕೊಳವೆ ಕಾಣುತ್ತೆ, ಆ ಮುದುಕನ ಮುಖ ಕಾಣಲ್ಲ!"

ಎರಡನೆಯ ಭಾನುವಾರ ಮಗಳು ನಗುವುದನ್ನು ಬಿಟ್ಟು ತಕರಾರು ಶುರುಮಾಡಿದಳು. "ಇವಳ್ಯಾರಮ್ಮ ಎಲ್ಲರ ಪರವಾಗಿ ತೀರ್ಮಾನ ಮಾಡೋಕೆ? ಯಾರಿಗೆ ಹೇಳ್ಬೇಕು, ಯಾರಿಗೆ ಹೇಳ್ಬಾರದು, ಎಲ್ಲಾ ಇವಳೇ. ಆ ಕಾವಲುಗಾರನ್ನ ಒಂದ್ಮಾತು ಕೇಳಿದ್ಲಾ?"

"ಅವಳಿಗೆ ಅವನ ಮೇಲೆ ಪ್ರೀತಿ."

"ಪ್ರೀತಿ ಇದ್ರೆ ಕೇಳ್ಬಾರದಾ?"

ಅವಳಿಗೆ ಮೈ ಉರಿಯಿತು. ನಿನ್ನ ವಯಸ್ಸಿಗೆ ಇದೆಲ್ಲ ಅರ್ಥವಾಗುವುದಿಲ್ಲ ಎಂದು ಗದರಿದಳು. ಆದರೆ ತೆರೆಯ ಮೇಲಿನ ಚಿತ್ರ ಈಗ ಟೇಪಿನ ಹಾಗೆ ಮಸುಕಾಗಿರಲಿಲ್ಲ, ಸ್ವಚ್ಛವಾಗಿತ್ತು. ಲಿಫ್ಟಿನ ಒಳಗೋಡೆಗೆ ಒಂದು ಕನ್ನಡಿ ಇದೆಯೆಂಬುದನ್ನೇ ಅವಳು ಈಗ ಮೊದಲ ಸಲ ನೋಡಿದ್ದು. ಬಾಗಿಲು ತೆರೆದಾಗಲೆಲ್ಲ ಕಾವಲುಗಾರ ನಗೆಯ ಮಾತಾಡುತ್ತಲೇ ಒಂದು ಗಳಿಗೆ ಆ ಕನ್ನಡಿಯತ್ತ ನೋಡಿ, ಮುಖ ತಿರುಗಿಸುತ್ತಿದ್ದ. ಕನ್ನಡಿಯಲ್ಲಿ ಅವನು ಇರಲಿಲ್ಲ. ಇದನ್ನು ಅವಳು ಮಗಳಿಗೆ ತೋರಿಸಲಿಲ್ಲ. ಎದ್ದುಹೋಗಿ ನೀರು ಕುಡಿದು ಬಂದಳು.

ತೋರಿಸದಿರಲು ಕಾರಣ ಲ್ಯಾಬಿನಲ್ಲಿತ್ತು.

ಅಲ್ಲಿ ಅವಳಿಗೆ ಕೆಲಸ ಕಲಿಸಿದವರು ಮೇಷ್ಟ್ರು. ಯಾವ ಶಾಲೆಗೂ ಮೇಷ್ಟ್ರಲ್ಲ. ನಲವತ್ತು ವರ್ಷದಿಂದ ಮೇಣದಲ್ಲಿ ಹಲ್ಲು ಜೋಡಿಸುತ್ತ ಬಂದವರು, ಈಗ ಅರವತ್ತೇಳು. ಡಾಕ್ಟರು ಕಳಿಸಿದ ಅಚ್ಚಿನಿಂದ ಪ್ಲಾಸ್ಟರಿನ ದವಡೆ ಮಾಡಿ, ಅದರ ಮೇಲೆ ಮೇಣದ ವಸಡು ಕಟ್ಟಿ, ಒಂದೊಂದೇ ಹಲ್ಲನ್ನು ಮೇಣಕ್ಕೆ ಊರಬೇಕು. ತಪ್ಪಿದ್ದರೆ ಮೇಣದಲ್ಲಿರುವಾಗಲೇ ತಿದ್ದಬೇಕು. ಆಮೇಲೆ ಅದು ಗಟ್ಟಿ ಸೆಟ್ಟಾಗಿಬಿಟ್ಟರೆ ಬ್ರಹ್ಮ ಬಂದರೂ ಕದಲುವುದಿಲ್ಲ. "ಯಾವಳೋ ಮುದುಕಿ ಇದರಲ್ಲಿ ಅಗಿದು ಊಟ ಮಾಡ್ಬೇಕು ಕಣಮ್ಮಾ, ನಿನ್ನ ಅಂದಚೆಂದ ಆಮೇಲೆ" ಎಂದು ಮೇಷ್ಟ್ರು ಅವಳ ಮೊದಲ ಸೆಟ್ಟನ್ನು ಬಿಸಿನೀರಿಗೆ ಹಾಕಿ ಕರಗಿಸಿದ್ದರು. ಅವಳು ಅತ್ತಿದ್ದಳು. ಎರಡನೆಯದನ್ನೂ ಕರಗಿಸಿದ್ದರು. ಹದಿನಾರನೆಯದನ್ನು ತಿರುಗಿಸಿ ತಿರುಗಿಸಿ ನೋಡಿ, ಮಾತಾಡದೆ ಕಪಾಟಿನಲ್ಲಿಟ್ಟಿದ್ದರು.

ಎಂಟು ತಿಂಗಳ ಕೆಳಗೆ ಒಂದು ಸಂಜೆ ಅವಳು ಮೇಷ್ಟ್ರ ಮೇಜಿನ ಮೇಲಿದ್ದ ಸೆಟ್ಟನ್ನು ಸುಮ್ಮನೆ ಕೈಗೆತ್ತಿಕೊಂಡಳು. ಕೆಳಗಿನ ದವಡೆಯ ಹಿಂದಿನ ಹಲ್ಲುಗಳು ಹೊರಕ್ಕೆ ಸರಿದಿದ್ದವು. ಅದನ್ನು ಹಾಕಿಕೊಂಡವರು ತುತ್ತಿಗೊಮ್ಮೆ ತಮ್ಮದೇ ಕೆನ್ನೆ ಕಚ್ಚಿಕೊಳ್ಳಬೇಕು. ಮೇಷ್ಟ್ರ ಕೈ ತಪ್ಪುವುದೇ! ಅವಳು ಸ್ಪಿರಿಟ್ ದೀಪ ಹಚ್ಚಿ, ಚಾಕು ಬಿಸಿ ಮಾಡಿ, ಮೇಣ ಮೆದುಮಾಡಿ ಹಲ್ಲುಗಳನ್ನು ಸರಿಯಾಗಿ ಕೂರಿಸಿ, ಸೆಟ್ಟನ್ನು ಇದ್ದಲ್ಲೇ ಇಟ್ಟಳು. ಮಾರನೆಯ ದಿನದ ಸೆಟ್ಟೂ ಹಾಗೇ ತಪ್ಪಿತ್ತು. ಮೇಷ್ಟ್ರಿಗೆ ಕಣ್ಣು ಕೈಕೊಟ್ಟಿತ್ತು, ಅದು ಅವರಿಗೆ ಗೊತ್ತಿರಲಿಲ್ಲ. ಅಥವಾ ಗೊತ್ತಿಲ್ಲವೆಂದು ಅವಳು ತಿಳಿದಿದ್ದಳು. ಅವರು ನಾಲ್ಕಕ್ಕೆ ಮನೆಗೆ ಹೊರಟರೆ ಇವಳು ಆರರವರೆಗೆ ಕೂತು ಅವರ ಕೆಲಸ ತಿದ್ದುತ್ತಿದ್ದಳು. ಒಂದು ಶನಿವಾರ ಬಿಟ್ಟರೆ ಒಂದು ದಿನವೂ ತಪ್ಪಿಸಲಿಲ್ಲ. ಬೇಜಾರಾದಾಗಲೆಲ್ಲ ಲಿಫ್ಟಿನವಳ ಆ ನಗು ನೆನಪಿಗೆ ತಂದುಕೊಳ್ಳುತ್ತಿದ್ದಳು. ಹೇಳದೇ ಇರುವುದೂ ಪ್ರೀತಿ.

ಅದರ ಫಲ ಹೀಗಾಯಿತು. ಎಂಟು ತಿಂಗಳಲ್ಲಿ ಒಂದೂ ದೂರು ಬರಲಿಲ್ಲವೆಂದು ಮಾಲೀಕರು ಖುಷಿಯಾಗಿ, ಊರಿನ ಆ ತುದಿಯಲ್ಲಿ ತೆರೆಯಲಿರುವ ಹೊಸ ಶಾಖೆಯನ್ನು ಮೇಷ್ಟ್ರ ಕೈಗೊಪ್ಪಿಸಿದರು. ಮುಂದಿನ ಒಂದನೇ ತಾರೀಖಿನಿಂದ ಅಲ್ಲಿ ಮೇಷ್ಟ್ರು, ಅವರ ಕೈಕೆಳಗೆ ಇನ್ನೂ ಕಲಿಯುತ್ತಿರುವ ಇಬ್ಬರು ಹೊಸಬರು, ಅಷ್ಟೇ ಜನ. ಮೇಷ್ಟ್ರು ಹೊಸ ಅಂಗಿ ಹೊಲಿಸಿಕೊಂಡರು. ಅವಳು ಬಸ್ಸಿನ ವೇಳಾಪಟ್ಟಿ ನೋಡಿಟ್ಟುಕೊಂಡಳು. ಸಂಜೆ ಆರಕ್ಕೆ ಇಲ್ಲಿಂದ ಹೊರಟರೆ ಏಳಕ್ಕೆ ಆ ಶಾಖೆ ತಲುಪಬಹುದು. ಬೀಗದ ಕೈ ಒಂದು ಸಂಪಾದಿಸಬೇಕು. ನಕ್ಕರೆ ನಗಿ, ಇದು ಅವಳ ನಿಜವಾದ ಯೋಜನೆ.

ಕೊನೆಯ ಕಂತಿನ ಭಾನುವಾರ ಬಂತು. ಅವಳು ಮುಂಚೆಯೇ ಕರವಸ್ತ್ರ ಹಿಡಿದು ಕೂತಳು. ಕಾವಲುಗಾರ ಒಳಗೆ ಬಂದ, ಎಷ್ಟನೇ ಮಹಡಿ ಎಂದ, ಲಿಫ್ಟಿನವಳು ನಕ್ಕಳು, ಬಾಗಿಲು ಮುಚ್ಚಿತು, ತೆರೆ ಕಪ್ಪಾಯಿತು. ಅವಳು ಮೂಗು ಒರೆಸಿಕೊಂಡು, "ನೋಡಿದ್ಯಾ, ಹೀಗೆ ಮುಗಿಸ್ಬೇಕು ಕಥೆನ" ಎನ್ನುತ್ತ ಆರಿಸಲು ಎದ್ದಳು.

"ಇರಮ್ಮಾ, ಇನ್ನೂ ಏಳು ನಿಮಿಷ ತೋರಿಸ್ತಿದೆ."

"ಅದು ಮಾಡಿದವರ ಹೆಸರುಗಳು."

"ಏಳು ನಿಮಿಷ ಹೆಸರಾ? ಇಡೀ ಊರೇ ಸೇರಿ ಮಾಡಿದ್ರಾ?"

ತೆರೆಯಲ್ಲಿ ಬೆಳಕು ಬಂತು. ಲಿಫ್ಟು ಮೇಲೆ ಹೋಗುತ್ತಿತ್ತು. ಕಾವಲುಗಾರ ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದ. ಅವನ ಮುಖದಲ್ಲಿ ನಗೆಯ ಸುಳಿವೇ ಇರಲಿಲ್ಲ.

"ಏಳನೇದು ತಾನೇ?" ಎಂದ. "ಎರಡು ವರ್ಷದಿಂದ ಗೊತ್ತು ನನಗೆ. ಕನ್ನಡಿ ನನಗೂ ಕಾಣುತ್ತೆ. ನನ್ನ ಮಗಳು ದಿನಾ ಇದೇ ಬಾಗಿಲಲ್ಲಿ ಹೋಗಿ ಬರ್ತಿದ್ದಳು. ನೀನು ಇವತ್ತು ಹೇಳ್ತೀಯ, ನಾಳೆ ಹೇಳ್ತೀಯ, ಒಂದು ದಿನ ಸಿಗುತ್ತೆ, ಅವಳ ಜೊತೆ ಮಾತಾಡ್ತೀನಿ ಅಂತ ಕಾದೆ. ಹೋದ ತಿಂಗಳು ಅವಳು ಮನೆ ಖಾಲಿ ಮಾಡಿಕೊಂಡು ಹೋದಳು. ಎಲ್ಲಿಗೆ ಅಂತ ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ."

"ನೀನು ಕೇಳಬಹುದಿತ್ತು" ಎಂದಳು ಲಿಫ್ಟಿನವಳು.

"ನೀನು ಅಷ್ಟು ಸಂತೋಷವಾಗಿ ಸುಳ್ಳು ಹೇಳ್ತಿದ್ದೆ. ಕೇಳೋಕೆ ನನಗೇ ನಾಚಿಕೆಯಾಯ್ತು."

ಬಾಗಿಲು ತೆರೆಯಿತು. ಅವನು ಇಳಿದು ಹೋದ. ಹಿಂತಿರುಗಿ ನೋಡಲಿಲ್ಲ. ಲಿಫ್ಟಿನವಳು ಖಾಲಿ ಲಿಫ್ಟಿನಲ್ಲಿ, ಆರು, ಐದು, ನಾಲ್ಕು ಎಂದು ಕೆಳಗಿಳಿಯುತ್ತ, ಗುಂಡಿಗಳನ್ನು ಬಟ್ಟೆಯಿಂದ ಒರೆಸುತ್ತಿದ್ದಳು. ಆಮೇಲೆ ಹೆಸರುಗಳು ಬಂದವು.

ಮಗಳು ಮೆಲ್ಲಗೆ, "ಅಮ್ಮಾ, ಇದು ಚೆನ್ನಾಗಿದೆ ಅಲ್ವಾ?" ಎಂದಳು.

ಅವಳು ರಿಮೋಟು ಕಸಿದುಕೊಂಡಳು. ಹಿಂದಕ್ಕೆ ಓಡಿಸಿ ಮತ್ತೆ ನೋಡಿದಳು. ಮತ್ತೊಮ್ಮೆ ನೋಡಿದಳು. ಮೂರನೆಯ ಸಲಕ್ಕೆ ಕಿವಿ ಬಿಸಿಯಾಗಿ, ಬಸ್ ಸ್ಟಾಪಿನ ಹೆಂಗಸಿನ ಮುಖ ಕಣ್ಣಿಗೆ ಕಟ್ಟಿತು. ಪ್ರಬಂಧ ನೆನಪಾಯಿತು. ಎದ್ದು ಚಪ್ಪಲಿ ಮೆಟ್ಟಿ, ಬೀಗ ಹಾಕಲು ಮಗಳಿಗೂ ಹೇಳದೆ, ನಾಲ್ಕು ಬೀದಿ ಆಚೆಯಿದ್ದ ಅಕ್ಕನ ಮನೆಗೆ ನಡೆದಳು.

ಅಕ್ಕ ಮನೆಯಲ್ಲೇ ಬಟ್ಟೆ ಹೊಲಿಯುವವಳು. ಯಾರದೋ ಪ್ಯಾಂಟಿನ ಅಂಚು ಮಡಿಸುತ್ತ, ಬಾಯಲ್ಲಿ ಐದಾರು ಗುಂಡುಸೂಜಿ ಕಚ್ಚಿಕೊಂಡು ಕೂತಿದ್ದಳು.

"ಕೊನೇ ಕಂತು ನೀನು ಪೂರ್ತಿ ಇಳಿಸಿರಲಿಲ್ಲ."

"ಊಂ?"

"ಬಾಯಿಂದ ಸೂಜಿ ತೆಗಿ."

ಅಕ್ಕ ಒಂದೊಂದಾಗಿ ಸೂಜಿ ತೆಗೆದು ದಿಂಬಿಗೆ ಚುಚ್ಚತೊಡಗಿದಳು. ಅಷ್ಟು ನಿಧಾನವಾಗಿ ಅಕ್ಕ ಯಾವ ಕೆಲಸವನ್ನೂ ಮಾಡಿದವಳಲ್ಲ. ಕೊನೆಯ ಸೂಜಿಯ ಹೊತ್ತಿಗೆ ಉತ್ತರ ಸಿಕ್ಕಿಯಾಗಿತ್ತು.

"ಕಪ್ಪಾಯ್ತು, ಜಾಹೀರಾತು ಬಂತು, ನಿಲ್ಲಿಸ್ದೆ" ಎಂದಳು ಅಕ್ಕ. "ಮತ್ತೆ ಶುರುವಾದಾಗ ಒತ್ತೋಕೆ ಮರೆತೋಯ್ತು ಕಣೇ. ಆ ಮನುಷ್ಯ ಹಾಗೆ ಮಾತಾಡ್ತಿದ್ರೆ ನಾನು ಬಾಯ್ಬಿಟ್ಕೊಂಡು ನಿಂತುಬಿಟ್ಟಿದ್ದೆ. ಮುಗಿದ ಮೇಲೆ ನೋಡ್ಕೋತೀನಿ, ಬೆರಳು ಇನ್ನೂ ಗುಂಡಿ ಮೇಲೇ ಇದೆ."

"ಮಾರನೇ ದಿನ ಹೇಳೋಕೆ ಏನಾಗಿತ್ತು?"

"ಹೇಳೋಣ ಅಂತಲೇ ಪಕ್ಕದಲ್ಲಿ ಕೂತಿದ್ದೆ. ನೀನು ನೋಡಿ ಮುಗಿಸಿದ್ದೇ ಗೊಳೋ ಅಂತ ಅತ್ತು ನನ್ನ ತಬ್ಕೊಂಡೆ. ಇಷ್ಟು ಚೆನ್ನಾಗಿ ಯಾರೂ ಮುಗಿಸಿಲ್ಲ ಅಕ್ಕಾ ಅಂದೆ. ಆಗ ಏನಂತ ಹೇಳ್ಲಿ, ನೀನೇ ಹೇಳು."

"ಆಮೇಲೆ ಹತ್ತೊಂಬತ್ತು ವರ್ಷ?"

"ಒಂದು ದಿನ ತಡವಾದ್ರೆ ಹೇಳ್ಬಹುದು. ಒಂದು ವರ್ಷ ತಡವಾದ ಮೇಲೆ ಹೇಗೇ ಹೇಳೋದು?"

"ಪ್ರಬಂಧ ಬರೆದು ಮೊದಲು ನಿನಗೇ ಓದಿ ಹೇಳಿದೆ. ನೀನು ತಲೆ ಆಡಿಸ್ತಾ ಕೂತಿದ್ದೆ!"

"ಚೆನ್ನಾಗಿತ್ತಲ್ಲ ಪ್ರಬಂಧ."

"ಇಲ್ಲದ ಕಥೆ ಮೇಲೆ ಬರೆದ ಪ್ರಬಂಧ ಅದು! ನಿನ್ನ ಅತ್ತೆ, ನಾದಿನಿ ಎಲ್ಲರ ಮುಂದೆ ಆ ಕಥೆ ಹೇಳಿದೀನಿ. ನೀನು ಪಕ್ಕದಲ್ಲೇ ನಿಂತು, ಇವಳ ಬಾಯಲ್ಲೇ ಕೇಳ್ಬೇಕು ಅಂದೆ. ನಾಚಿಕೆ ಆಗ್ಲಿಲ್ವಾ ನಿನಗೆ?"

"ಒಂದು ಸೀರಿಯಲ್ ಕಣೇ ಪುಟ್ಟಿ. ಆಸ್ತಿ ಪತ್ರ ಬಚ್ಚಿಟ್ಟ ಹಾಗೆ ಮಾಡ್ತೀಯಲ್ಲ. ನೀನು ಖುಷಿಯಾಗಿದ್ದೆ, ಅದನ್ನ ಯಾಕೆ ಕೆಡಿಸ್ಲಿ ಅಂದ್ಕೊಂಡೆ."

"ನನ್ನ ಖುಷಿಗೆ ನಿನ್ನನ್ನ ಯಾರು ಕಾವಲಿಗೆ ಹಾಕಿದ್ದು?"

ಅಕ್ಕನ ಮುಖ ಬಿಳುಪೇರಿತು. ತಂಗಿ ನಿಲ್ಲಲಿಲ್ಲ. ಬಾಗಿಲನ್ನು ಎಳೆದ ರಭಸಕ್ಕೆ ಗೋಡೆಯ ಕ್ಯಾಲೆಂಡರು ಕೆಳಗೆ ಬಿತ್ತು. ಅದನ್ನು ಎತ್ತಿ ಮೊಳೆಗೆ ಹಾಕಿ, ನೆಟ್ಟಗಿದೆಯೇ ಎಂದು ನೋಡಿ, ಮತ್ತೆ ಕೋಪದಿಂದಲೇ ಹೊರಗೆ ಬಂದಳು.

ಬೀದಿಯಲ್ಲಿ ನಡೆಯುತ್ತ ಅವಳು ಬೈದಳು. ಅಕ್ಕನನ್ನು ಬೈದಳು, ಲಿಫ್ಟಿನವಳನ್ನು ಬೈದಳು. ಎಂಥ ಸೊಕ್ಕು! ನಗುತ್ತಾಳಂತೆ. ಅವನ ಎರಡು ವರ್ಷ ತಿಂದು ಮೇಲೆ ನಗುವುದು ಬೇರೆ. ಎದುರಿಗೆ ಬಂದವರು ಅವಳ ತುಟಿ ಆಡುವುದನ್ನು ಕಂಡು ದಾರಿ ಬಿಟ್ಟರು. ಮೂರನೆಯ ಬೀದಿಯ ತಿರುವಿನಲ್ಲಿ ಅವಳ ಕಾಲು ತಾನಾಗಿ ನಿಂತಿತು. ಅಕ್ಕನಿಗೆ ಎಸೆದ ಮಾತು ಎದುರಿನ ಗೋಡೆಗೆ ಬಡಿದು ವಾಪಸು ಬಂದಿತ್ತು. ಮೇಷ್ಟ್ರ ಹೊಸ ಅಂಗಿ. ಆರು ಗಂಟೆಯ ಬಸ್ಸು. ಎಂಟು ತಿಂಗಳ ಸಂಜೆಗಳು.

"ನಾನು ಬೇರೆ, ನನ್ನ ವಿಷಯ ಬೇರೆ" ಎಂದು ಗಟ್ಟಿಯಾಗಿ ಅಂದಳು. ಅದನ್ನು ನಂಬಲು ಮನೆ ತಲುಪುವವರೆಗೂ ಪ್ರಯತ್ನಿಸಿದಳು. ಆಗಲಿಲ್ಲ.

ಸೋಮವಾರ ಬೆಳಗ್ಗೆ ಅವಳು ಉಳಿದ ಕೆಲಸಗಾರರಿಗಿಂತ ಮೊದಲೇ ಲ್ಯಾಬಿಗೆ ಬಂದಳು. ಮೇಷ್ಟ್ರು ಯಾವಾಗಲೂ ಅದಕ್ಕೂ ಬೇಗ ಬರುವವರು. ದೀಪ ಹಚ್ಚಿ ಮೇಣ ಕಾಯಿಸುತ್ತಿದ್ದರು. ದಾರಿಯುದ್ದಕ್ಕೂ ಅವಳು ಒಂದು ಆಸೆ ಸಾಕಿಕೊಂಡು ಬಂದಿದ್ದಳು. ಮೇಷ್ಟ್ರಿಗೆ ಗೊತ್ತಿರುತ್ತದೆ. ನಲವತ್ತು ವರ್ಷದ ಕೈ ಅದು, ತನ್ನ ಕೆಲಸದ ಮೇಲೆ ಬೇರೆ ಕೈ ಆಡಿದ್ದು ತಿಳಿಯದೇ ಇರುತ್ತದೆಯೇ! ಆ ಕಾವಲುಗಾರನ ಹಾಗೆ, "ಗೊತ್ತಿತ್ತಮ್ಮಾ" ಅನ್ನುತ್ತಾರೆ. ಬೈಯುತ್ತಾರೆ. ಬೈಯಲಿ. ಗೊತ್ತಿದ್ದವರು ಬೈದರೆ ತಡೆದುಕೊಳ್ಳಬಹುದು.

"ಮೇಷ್ಟ್ರೇ, ಒಂದು ವಿಷಯ. ನೀವು ಕೂರಿಸಿದ ಕೆಳಗಿನ ಹಲ್ಲುಗಳು ಹೊರಗೆ ಹೋಗ್ತಿವೆ. ನೀವು ಮನೆಗೆ ಹೋದ ಮೇಲೆ ನಾನು ತಿದ್ತಾ ಇದ್ದೆ."

ಮೇಷ್ಟ್ರು ನಕ್ಕರು. "ಏನಮ್ಮಾ ಮಿಲಿಮೀಟರು, ಬೆಳಗ್ಗೆ ಬೆಳಗ್ಗೆ ತಮಾಷೆನಾ? ಯಾವ ಸೆಟ್ಟು?"

"ಎಲ್ಲವೂ."

"ಎಲ್ಲವೂ ಅಂದ್ರೆ?"

"ಎಂಟು ತಿಂಗಳಿಂದ."

ಅವರ ನಗು ಮುಖದ ಮೇಲೆ ಹಾಗೇ ಉಳಿದು, ಒಳಗಿನ ಮನುಷ್ಯ ಮಾತ್ರ ಎದ್ದುಹೋದಂತಾಯಿತು. ಗೊತ್ತಿರಲಿಲ್ಲ. ಅವರಿಗೆ ಏನೇನೂ ಗೊತ್ತಿರಲಿಲ್ಲ. ಆ ಗಳಿಗೆಯಲ್ಲಿ ಅವಳಿಗೆ ಆ ಸೀರಿಯಲ್ಲು ಬರೆದವನ ಮೇಲೆ, ಅವನು ಎಲ್ಲಿದ್ದಾನೋ ಯಾರೋ, ಎಲ್ಲರಿಗಿಂತ ಹೆಚ್ಚಿನ ಸಿಟ್ಟು ಬಂತು. ಕಾವಲುಗಾರನಿಗೆ ಮೊದಲೇ ಗೊತ್ತಿತ್ತು ಎಂದು ಬರೆದು ಎಷ್ಟು ಸುಲಭ ಮಾಡಿಕೊಂಡ! ಗೊತ್ತಿಲ್ಲದವನಿಗೆ ಹೇಳುವ ದೃಶ್ಯ ಬರೆಯಲಿ ನೋಡೋಣ, ಏಳು ನಿಮಿಷದಲ್ಲಿ.

"ಎಂಟು ತಿಂಗಳು" ಎಂದರು ಮೇಷ್ಟ್ರು. "ಈ ಎಂಟು ತಿಂಗಳು ನಾನು ಆ ಹೊಸಬರನ್ನ ಇಲ್ಲಿ ನಿಲ್ಲಿಸ್ಕೊಂಡು ಪಾಠ ಹೇಳ್ದೆ. ಕಣ್ಣಲ್ಲಿ ಅಳೀಬೇಕು, ಸ್ಕೇಲಲ್ಲಲ್ಲ ಅಂದೆ. ನಿನ್ನ ಹೆಸರು ಹಿಡಿದು ಗೇಲಿ ಮಾಡ್ದೆ. ನೀನೂ ನಗ್ತಾ ನಿಂತಿದ್ದೆ."

"ನಿಮಗೆ ನೋವಾಗ್ಬಾರದು ಅಂತ..."

"ನನ್ನ ನೋವು ನನ್ನದು! ನೀನ್ಯಾರು ಅದನ್ನ ಎತ್ತಿಟ್ಕೊಳ್ಳೋಕೆ?" ಮೇಷ್ಟ್ರ ಧ್ವನಿ ಏರಿತು. ಆಗತಾನೆ ಒಳಗೆ ಬಂದ ಇಬ್ಬರು ಕೆಲಸಗಾರರು ಬಾಗಿಲಲ್ಲೇ ನಿಂತರು. "ಅವತ್ತೇ ಹೇಳಿದ್ರೆ ಕಣ್ಣು ತೋರಿಸ್ಕೋತಿದ್ದೆ. ಕನ್ನಡಕ ಹಾಕ್ತಿದ್ದೆ. ಆಪರೇಷನ್ನೋ ಏನೋ ಮಾಡಿಸ್ತಿದ್ದೆ. ಎಂಟು ತಿಂಗಳಲ್ಲಿ ಎಷ್ಟು ಕೆಟ್ಟಿದೆಯೋ ಏನೋ, ಯಾರಿಗೆ ಗೊತ್ತು? ನಿನ್ನ ಹದಿನೈದು ಸೆಟ್ಟು ಕರಗಿಸಿದವನು ನಾನು. ಒಂದಾದ್ರೂ ಹಿಂದುಗಡೆ ತಿದ್ದಿದ್ನಾ? ಮುಖದ ಮುಂದೆ ಕರಗಿಸ್ದೆ ಕಣೇ, ಮುಖದ ಮುಂದೆ!"

ಅವಳಿಗೂ ರೇಗಿತು. ತಪ್ಪಿತಸ್ಥಳೆಂದು ಗೊತ್ತಿದ್ದೇ ರೇಗಿತು. "ಎರಡೆರಡು ಗಂಟೆ, ದಿನಾ ಕೂತು ಮಾಡಿದೀನಿ ಮೇಷ್ಟ್ರೇ. ಒಬ್ಬರ ಕೆನ್ನೆಯೂ ಕಚ್ಚೋ ಹಾಗೆ ಬಿಟ್ಟಿಲ್ಲ. ಅದಕ್ಕಾದ್ರೂ ಬೆಲೆ ಇಲ್ವಾ?"

"ಇದೆ. ತೋರಿಸ್ತೀನಿ ಬಾ ಅದರ ಬೆಲೆ."

ಲ್ಯಾಬಿನಲ್ಲಿ ಪ್ರತಿ ಸೆಟ್ಟಿಗೂ ಒಂದು ಪುಟ್ಟ ಡಬ್ಬಿ. ಡಬ್ಬಿಯ ಮುಚ್ಚಳದ ಮೇಲೆ ಒಂದು ಚೀಟಿ, ಅದರಲ್ಲಿ ರೋಗಿಯ ಸಂಖ್ಯೆ, ಕೆಳಗೆ ಮಾಡಿದವರ ರುಜು. ಮೇಷ್ಟ್ರು ಕಪಾಟಿನಲ್ಲಿದ್ದ ತಮ್ಮ ಡಬ್ಬಿಗಳನ್ನೆಲ್ಲ ಮೇಜಿಗೆ ತಂದು ಸುರಿದರು. ಪೆನ್ನು ತೆಗೆದು ಮೊದಲನೆಯದರ ಮೇಲಿದ್ದ ತಮ್ಮ ರುಜುವನ್ನು ಹೊಡೆದುಹಾಕಿದರು. "ಇದು ಇವಳದು" ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಎರಡನೆಯದು. "ಇದೂ ಇವಳದು." ಒಳಗಿನಿಂದ ಮಾಲೀಕರು ಬಂದು, "ಏನ್ ಮೇಷ್ಟ್ರೇ ಇದು?" ಎಂದರು. "ನಿಮ್ಮ ಶಾಖೆಗೆ ಬೇರೆಯವರನ್ನ ನೋಡ್ಕೊಳಿ ಸಾರ್. ನನಗೆ ಕಣ್ಣಿಲ್ಲ. ಎಂಟು ತಿಂಗಳಿಂದ ಇಲ್ಲ. ಊರಿಗೆಲ್ಲ ಗೊತ್ತಿತ್ತು, ನನಗೊಬ್ಬನಿಗೆ ಇವತ್ತು ಗೊತ್ತಾಯ್ತು." ಮೂರನೆಯದು, ನಾಲ್ಕನೆಯದು. ಪೆನ್ನಿನ ಮೊನೆ ಚೀಟಿಯನ್ನು ಹರಿಯುವಷ್ಟು ಒತ್ತಿ ಗೀಚುತ್ತಿದ್ದರು.

ಊರಿಗೆಲ್ಲ ಗೊತ್ತಿರಲಿಲ್ಲ, ತನಗೊಬ್ಬಳಿಗೇ ಗೊತ್ತಿತ್ತು ಎಂದು ಹೇಳಲು ಅವಳಿಗೆ ನಾಲಿಗೆ ಹೊರಳಲಿಲ್ಲ. ಮಾಲೀಕರು ಅವಳ ಮುಖ ನೋಡಿದರು, ಮೇಷ್ಟ್ರ ಮುಖ ನೋಡಿದರು, ಬಂದ ದಾರಿಯಲ್ಲೇ ಒಳಗೆ ಹೋದರು.

ಕೊನೆಯ ಡಬ್ಬಿಗೆ ಮೇಷ್ಟ್ರ ಪೆನ್ನು ಇಳಿಯುವ ಮೊದಲು ಅವಳು ಅವರ ಕೈ ಹಿಡಿದಳು.

"ಇದು ನಿಮ್ಮದೇ. ಶನಿವಾರ ನಾನು ಬೇಗ ಹೋದೆ. ಇದನ್ನ ನಾನು ಮುಟ್ಟಿಲ್ಲ."

"ಬಿಡು ಕೈ."

"ಆಣೆ ಮೇಷ್ಟ್ರೇ, ನಾನು ಮುಟ್ಟಿಲ್ಲ."

"ನಿನ್ನ ಆಣೆ ತಗೊಂಡು ನಾನೇನ್ ಮಾಡ್ಲಿ? ನಿನ್ನೆವರೆಗೂ ನಂಬಿದ್ದೆನಲ್ಲ, ನಂಬಿದ್ದು ಏನಾಯ್ತು?" ಅವರು ಕೈ ಕೊಡವಿಕೊಂಡರು. ಆದರೆ ಗೀಚಲಿಲ್ಲ. ಡಬ್ಬಿಯನ್ನು ಅವಳ ಕಡೆ ನೂಕಿದರು. "ಅಳೆ. ಎಲ್ಲರ ಮುಂದೆ ಅಳೆ. ಏನಿದೆಯೋ ಅದನ್ನ ಹೇಳು."

ಅವಳು ಸ್ಕೇಲು ತೆಗೆದಳು. ಪ್ಲಾಸ್ಟರಿನ ದವಡೆಯನ್ನು ಬೆಳಕಿಗೆ ಹಿಡಿದು ಮುಂದಿನ ಹಲ್ಲಿನಿಂದ ಶುರುಮಾಡಿದಳು. ಮುಂದಿನವು ಸರಿಯಿದ್ದವು. ಎಡಗಡೆಯವು ಸರಿಯಿದ್ದವು. ಎಷ್ಟು ಚೆನ್ನಾಗಿದ್ದವೆಂದರೆ ಅವಳು ಇನ್ನೊಮ್ಮೆ ಅಳೆದಳು. ಬಲಗಡೆಗೆ ಬಂದಳು. ಎಲ್ಲ ಸರಿಯಿದೆ ಎಂದುಬಿಡುವ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಒಂದೇ ಒಂದು ಸಲ, ಇದೊಂದು ಸಲ. ಎಲ್ಲರೂ ಕಾಯುತ್ತಿದ್ದರು.

"ಬಲಗಡೆ ಕೊನೇ ಹಲ್ಲು ತಪ್ಪಿದೆ" ಎಂದಳು. "ಒಂದೂವರೆ ಮಿಲಿಮೀಟರ್, ಹೊರಕ್ಕೆ. ಮಿಕ್ಕಿದ್ದೆಲ್ಲಾ ಸರಿ."

ಮೇಷ್ಟ್ರು ಅವಳ ಕೈಯಿಂದ ಸೆಟ್ಟನ್ನು ಕಿತ್ತುಕೊಂಡರು. ಆ ಹಲ್ಲನ್ನು ಕಣ್ಣಿಗೆ ತೀರ ಹತ್ತಿರ ತಂದು, ದೂರ ಹಿಡಿದು, ಮತ್ತೆ ಹತ್ತಿರ ತಂದು ನೋಡಿದರು. ಕಾಣಲಿಲ್ಲವೆಂದು ಅವರ ಹಣೆಯ ನೆರಿಗೆ ಹೇಳಿತು. ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿ, ಹಲ್ಲುಗಳ ಹೊರಸಾಲಿನ ಮೇಲೆ ಮೆಲ್ಲಗೆ ಎಳೆದರು. ಕೊನೆಯಲ್ಲಿ ಬೆರಳು ಎಡವಿ ನಿಂತಿತು.

ಅವರು ಕೂತರು. ಚಾಕುವನ್ನು ದೀಪಕ್ಕೆ ಹಿಡಿದು, ಮೇಣ ಮೆದುಮಾಡಿ, ಕಣ್ಣು ಮುಚ್ಚಿಕೊಂಡು, ಬೆರಳಲ್ಲೇ ಆ ಹಲ್ಲನ್ನು ಒಳಕ್ಕೆ ಸರಿಸಿದರು.

"ಅಳೆ" ಎಂದರು.

"ಇನ್ನೂ ಅರ್ಧ ಇದೆ."

ಬೈಗುಳವೊಂದನ್ನು ಹಲ್ಲಿನ ನಡುವೆ ಕಚ್ಚಿಹಿಡಿದು ಮತ್ತೆ ಸರಿಸಿದರು. "ಈಗ?"

"ಸರಿಯಿದೆ."

"ಸರಿಯಿದೆಯೋ, ನನ್ನ ಖುಷಿಗೆ ಹೇಳ್ತಿದೀಯೋ?"

"ಸರಿಯಿದೆ ಮೇಷ್ಟ್ರೇ."

ಅವರು ಆ ಚೀಟಿಯ ಮೇಲಿನ ತಮ್ಮ ರುಜುವನ್ನು ಹಾಗೇ ಬಿಟ್ಟು ಮುಚ್ಚಳ ಹಾಕಿದರು. ಅವಳ ಕಡೆ ನೋಡಲಿಲ್ಲ. ದೀಪ ಆರಿಸಿ, ಕೋಟು ತೋಳಿಗೆ ಹಾಕಿಕೊಂಡು, ಕಣ್ಣಿನ ಆಸ್ಪತ್ರೆಗೆ ಎಷ್ಟನೇ ನಂಬರಿನ ಬಸ್ಸು ಎಂದು ಬಾಗಿಲಲ್ಲಿ ನಿಂತಿದ್ದ ಕೆಲಸಗಾರನನ್ನು ಕೇಳಿದರು. ಅವನಿಗೆ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿತ್ತು, ಹೇಳಿದಳು. ಅವರು ಕೇಳಿಸಿಕೊಂಡರು, ಆದರೂ ಅದೇ ಪ್ರಶ್ನೆಯನ್ನು ಹೊರಗೆ ಬೀದಿಯಲ್ಲಿ ಇನ್ನೊಬ್ಬರನ್ನು ಕೇಳುತ್ತಿರುವುದು ಕಿಟಕಿಯಿಂದ ಅವಳಿಗೆ ಕೇಳಿಸಿತು.